ಮರ್ಲಿನ್ ಮೇಲೆ ಬಂದ ಅಪವಾದ

ಮ್ಯಾನಿಟೋಬಾ ಪ್ರಾಂತ್ಯದ ಆ ಸಣ್ಣ ಊರಲ್ಲಿ ಈಜು ಬಲ್ಲವರಲ್ಲಿ ಅರ್ಧ ಜನ ಮರ್ಲಿನ್ ಪೆಟ್ರಿಶಿನ್ ಕೈಯಲ್ಲಿ ಪಳಗಿದವರು. ಗಂಡ ತೀರಿಹೋದ ಮೇಲೆ ಅವಳಿಗೆ ಉಳಿದದ್ದು ಮಕ್ಕಳಿಗೆ ಈಜು ಕಲಿಸುವ ಊರಿನ ಈಜುಕೊಳ ಒಂದೇ. ಅರವತ್ತು ಹತ್ತಿರವಾಗಿ ಮಂಡಿ ಹಿಡಿದುಕೊಂಡರೂ ನೀರಿಗಿಳಿಯುವುದನ್ನು ಬಿಟ್ಟಿರಲಿಲ್ಲ.

ನವೆಂಬರಿನ ಒಂದು ಸಂಜೆ ಅವಳ ತರಗತಿಯ ಐದು ವರ್ಷದ ಐವಿ ಕಾಲು ಜಾರಿ ಮುಳುಗಿದಳು. ಮರ್ಲಿನ್ ತಲೆಗೇ ಕೈಹಾಕಿ ಮೇಲೆತ್ತಿದಳು. ತಮ್ಮನನ್ನು ಕರೆದೊಯ್ಯಲು ಬಂದಿದ್ದ ಹದಿನೇಳರ ಟೆಸ್ಸಾಳ ಫೋನಿಗೆ ಸಿಕ್ಕಿದ್ದು ತಲೆಯ ಮೇಲಿದ್ದ ಕೈ ಮಾತ್ರ. ಹಿಂದಿನ ಬೇಸಿಗೆಯಲ್ಲಿ ಜೀವರಕ್ಷಕರ ಪರೀಕ್ಷೆಯಲ್ಲಿ ಮರ್ಲಿನ್ ತನ್ನನ್ನು ಫೇಲು ಮಾಡಿದ ಸಿಟ್ಟು ಅವಳಿಗಿತ್ತು. ‘ಅಳುವ ಮಕ್ಕಳನ್ನು ಈಕೆ ನೀರಲ್ಲಿ ಅದುಮುತ್ತಾಳೆ. ಇದು ನನ್ನ ಅಭಿಪ್ರಾಯ’ ಎಂದು ಬರೆದು ಆ ಫೋಟೋದ ಜೊತೆ ಜಾಲತಾಣದಲ್ಲಿ ಹಾಕಿದಳು.

ಬೆಳಗಾಗುವಷ್ಟರಲ್ಲಿ ಊರೆಲ್ಲ ನೋಡಿಯಾಗಿತ್ತು. ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಿ ಎಂದರು ಕೊಳದವರು. ಚರ್ಚಿನಲ್ಲಿ ಪಿರೋಗಿ ಕಡುಬು ಮಡಿಸಲು ಹೋದರೆ ಎದುರಿನವರು ಹಿಟ್ಟನ್ನೇ ನೋಡುತ್ತಿದ್ದರು. ಐವಿಯ ತಾಯಿ ನಡೆದದ್ದನ್ನು ಹೇಳಿದ್ದರಿಂದ ಮರ್ಲಿನ್ ತಪ್ಪಿಲ್ಲವೆಂದು ತೀರ್ಮಾನವಾಯಿತು. ಅದನ್ನು ಹಂಚಿಕೊಂಡವರು ಕಡಿಮೆ. ಕೊನೆಗೆ ಅವಳು ವಕೀಲರಿಂದ ಟೆಸ್ಸಾಗೆ ಮಾನನಷ್ಟದ ನೋಟಿಸು ಕೊಡಿಸಿದಳು.

ಭಾನುವಾರ ಮಧ್ಯಾಹ್ನ ಟೆಸ್ಸಾಳ ತಾಯಿ ಡಾನಾ ಮಗಳನ್ನು ಮರ್ಲಿನ್ ಮನೆಗೆ ಎಳೆದುಕೊಂಡು ಬಂದಳು.

“ಅಭಿಪ್ರಾಯ ಅಂತ ಹಾಕಿದ್ನಲ್ಲ ಮಿಸ್. ಹಾಗೆ ಹಾಕಿದ್ರೆ ಕೇಸಾಗಲ್ಲ ಅಂತಾರೆ ಎಲ್ರೂ,” ಅಂದಳು ಟೆಸ್ಸಾ.

“ಎಲ್ರೂ ಅಂದ್ರೆ ಯಾರೇ, ನಿನ್ನ ಕ್ಲಾಸಿನ ನ್ಯಾಯಾಧೀಶರಾ?” ಅಂದಳು ಡಾನಾ.

“ಅದುಮಿದ್ಳು ಅನ್ನೋದು ಅಭಿಪ್ರಾಯ ಅಲ್ಲಮ್ಮ,” ಅಂದಳು ಮರ್ಲಿನ್. “ನಡೀತು ಇಲ್ಲ ನಡೀಲಿಲ್ಲ, ಎರಡರಲ್ಲಿ ಒಂದು. ನಡೀಲಿಲ್ಲ.”

“ಮೂರೇ ದಿನಕ್ಕೆ ಅಳಿಸಿಬಿಟ್ಟೆ. ಹಂಚಿದ್ದು ಬೇರೆಯವರು.”

“ಹಂಚಿದವರದ್ದೂ ತಪ್ಪೇ. ಅದ್ರಿಂದ ನಿನ್ನದು ಕಮ್ಮಿ ಆಗಲ್ಲ.”

ಮರ್ಲಿನ್‌ಗೆ ಬೈಯುವ ತ್ರಾಣವೂ ಇರಲಿಲ್ಲ. “ನಾನು ಕೋರ್ಟಿಗೆ ಹೋಗಲ್ಲ. ಎಲ್ಲಿ ಬರ್ದೆಯೋ ಅಲ್ಲೇ, ನಿನ್ನ ಹೆಸರಲ್ಲೇ, ಸುಳ್ಳು ಅಂತ ಬರಿ.”

“ಅದನ್ನ ಯಾರೂ ಓದಲ್ಲ ಮಿಸ್.”

“ಗೊತ್ತು. ಆದ್ರೂ ಬರಿ.”

ಬರೆದಳು. ಟೆಸ್ಸಾ ಅಂದಂತೆಯೇ ಬೆರಳೆಣಿಕೆಯ ಮಂದಿ ಓದಿದರು. ಓದಿದವರಲ್ಲಿ ಕೆಲವರು ಅವಳ ಮೇಲೇ ತಿರುಗಿಬಿದ್ದರು. ವಾರ ಕಳೆದು ಟೆಸ್ಸಾ ಫೋನು ಮಾಡಿದಳು.

“ಮಿಸ್, ನನ್ನ ಸುಳ್ಳಿ ಅಂತ ಬರೀತಿದ್ದಾರೆ. ಕೇಸು ಹಾಕಬಹುದಾ?”

“ಅದು ನಿಜಾನೇ ಅಲ್ವೇನೆ?” ಅಂದಳು ಮರ್ಲಿನ್. “ನಿಜಕ್ಕೆ ಕೇಸು ನಿಲ್ಲಲ್ಲ.”

“ಡೋನಟ್ ಅಂಗಡೀಲಿ ಕದ್ದೆ ಅಂತಾನೂ ಬರ್ದಿದ್ದಾರೆ. ಆಣೆಗೂ ಕದ್ದಿಲ್ಲ.” ಹುಡುಗಿಯ ದನಿ ಒಡೆದಿತ್ತು.

ಇಷ್ಟು ದಿನ ತನ್ನ ಎದೆಯ ಮೇಲೆ ಕೂತಿದ್ದ ಭಾರ ಈಗ ಇನ್ನೊಬ್ಬಳ ಮೇಲೂ ಕೂತಿದೆ ಅನ್ನಿಸಿತು ಮರ್ಲಿನ್‌ಗೆ. ಅದರಿಂದ ಸಮಾಧಾನವೇನೂ ಆಗಲಿಲ್ಲ. “ಹಾಗಾದ್ರೆ ಅವರು ಬರೆದದ್ದರ ಫೋಟೋ ತೆಗೆದಿಟ್ಕೋ. ಜಗಳಕ್ಕೆ ಹೋಗ್ಬೇಡ. ಅಮ್ಮನ್ನ ಕರ್ಕೊಂಡು ನನ್ನ ವಕೀಲರ ಹತ್ರ ಹೋಗು, ನಾನು ಹೇಳಿರ್ತೀನಿ.”

ಮಾರ್ಚಿನಲ್ಲಿ ತರಗತಿ ಮತ್ತೆ ಶುರುವಾಯಿತು. ಬಂದ ಮಕ್ಕಳು ಮೊದಲಿನ ಅರ್ಧದಷ್ಟು. ಗ್ಯಾಲರಿಯಲ್ಲಿ ಕೂತ ತಾಯಂದಿರಲ್ಲಿ ಒಬ್ಬಳು ಫೋನು ಎತ್ತಿ ಹಿಡಿದೇ ಇದ್ದಳು. ಮರ್ಲಿನ್ ಅತ್ತ ನೋಡದೆ ಸೊಂಟಮಟ್ಟದ ನೀರಿಗಿಳಿದು, ಅಂಚಿನಲ್ಲಿ ನಡುಗುತ್ತ ನಿಂತಿದ್ದ ಐವಿಗೆ ಎರಡೂ ಕೈ ಚಾಚಿದಳು.