ಪೂಜೆಗೆಂದು ಹತ್ತು ನಿಮಿಷ

2023ರ ಜೂನ್‌ನಲ್ಲಿ ನಾನು ಯಲಹಂಕದ ಕಡೆಯ ಒಂದು ವಿಜ್ಞಾನ ಕಾಲೇಜಿಗೆ ಕಂಪ್ಯೂಟರ್ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿದೆ. ಮದುವೆಯಾದ ಮೇಲೆ ಮನೆಯನ್ನೇ ನೋಡಿಕೊಂಡಿದ್ದವಳಿಗೆ ಅದು ಒಂದು ವರ್ಷದ ತಾತ್ಕಾಲಿಕ ಕೆಲಸ. ಅಲ್ಲಿ ‘ಸೈಂಟಿಫಿಕ್ ಕಂಪ್ಯೂಟಿಂಗ್’ ಎಂಬ ಮೈನರ್ ಇತ್ತು. ಮೈನರ್ ಎಂದರೆ ಮುಖ್ಯ ವಿಷಯದ ಪಕ್ಕದಲ್ಲಿ ಓದುವ ಚಿಕ್ಕ ವಿಷಯ. ಕೆಮಿಸ್ಟ್ರಿ, ಬಾಟನಿ ಓದುವ ಮಕ್ಕಳು ತಮ್ಮ ವಿಷಯದ ಪ್ರಶ್ನೆಗಳಿಗೆ ಪ್ರೋಗ್ರಾಂ ಬರೆದು ಉತ್ತರ ಹುಡುಕುವುದನ್ನು ಅಲ್ಲಿ ಕಲಿಯುತ್ತಿದ್ದರು.

ಹುಣಸಮಾರನಹಳ್ಳಿಯ ಪವಿತ್ರ ಕೊನೆಯ ವರ್ಷದ ಕೆಮಿಸ್ಟ್ರಿ ಹುಡುಗಿ. ಕಾಲರಿನ ಕೊನೆಯ ಗುಂಡಿಯನ್ನೂ ಹಾಕಿಕೊಳ್ಳುವಳು. ನನ್ನ ಕಾನ್ವೆಂಟಿನ ದಿನಗಳು ನೆನಪಾಗುತ್ತಿದ್ದವು. ಕೆರೆಯ ಮೀನುಗಳು ಕೆಲವು ದಿನ ಬೆಳಗಿನ ಜಾವ ಏಕೆ ಸಾಯುತ್ತವೆ ಎಂಬುದು ಅವಳ ಪ್ರಾಜೆಕ್ಟ್. ನೀರಿನ ಆಕ್ಸಿಜನ್ ಇಡೀ ವರ್ಷ ಹೇಗೆ ಏರಿಳಿಯುತ್ತದೆಂದು ಕಂಪ್ಯೂಟರ್ ಲೆಕ್ಕ ಹಾಕಬೇಕು. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಪ್ರಾಜೆಕ್ಟ್ ಪಾಸಾಗದಿದ್ದರೆ ಮೈನರ್ ಇಲ್ಲ. ಮೈನರ್ ಇಲ್ಲದಿದ್ದರೆ ಅವಳು ಆಸೆಪಟ್ಟಿದ್ದ ಎಂ.ಎಸ್ಸಿ.ಗೆ ಅರ್ಜಿಯನ್ನೇ ಹಾಕುವಂತಿರಲಿಲ್ಲ.

ದಸರಾ ರಜೆಯ ಮುಂಚಿನ ಗುರುವಾರ ಅವಳು ಕಿಟಕಿ ಪಕ್ಕದ ಮಿಷಿನ್‌ನಲ್ಲಿ ಆ ಲೆಕ್ಕದ ಕೊನೆಯ ರನ್ ಶುರು ಮಾಡಿದಳು. ಮುಗಿಯಲು ನಾಲ್ಕು ದಿನ ಬೇಕು. ಬುಧವಾರ ಸಂಜೆ ವಿಶ್ವವಿದ್ಯಾಲಯದ ಅಂಕಗಳ ಪೋರ್ಟಲ್ ಮುಚ್ಚುತ್ತದೆ, ಅಷ್ಟರಲ್ಲಿ ಸಲ್ಲಿಸಬೇಕು. ಅಟೆಂಡರ್ ಮುನಿಯಪ್ಪನವರಿಗೆ, ಲ್ಯಾಬ್ ಬೀಗ ಹಾಕುವಾಗ ಅದೊಂದನ್ನು ಆಫ್ ಮಾಡಬೇಡಿ ಎಂದು ಹೇಳಿದ್ದೆವು. ಅವರು ಶೆಟ್ಟಿಹಳ್ಳಿಯ ಹಳೇ ಮನೆತನದವರು. ಮಕ್ಕಳನ್ನು ರೇಗಿಸದೆ ದಿನ ಕಳೆಯದು.

“ಏನವ್ವ, ನಿನ್ ಮೀನು ಇನ್ನೂ ಈಜ್ತಾ ಅವಾ?”

“ಈಜ್ತಿವೆ ಮುನಿಯಪ್ಪಣ್ಣ. ನೀವು ಬಲೆ ತರ್ಬೇಡಿ ಅಷ್ಟೆ.”

ಬುಧವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಲ್ಯಾಬಿನ ತುಂಬ ಬಾಡಿದ ಸೇವಂತಿಗೆಯ ವಾಸನೆ. ರಜೆಗೆ ಮುಂಚೆ, ಶನಿವಾರ ನಾವೆಲ್ಲ ಮೇಲಿನ ಹಾಲ್‌ನಲ್ಲಿದ್ದಾಗ ಇಲ್ಲಿ ಮುನಿಯಪ್ಪನವರೇ ಆಯುಧಪೂಜೆ ಮಾಡಿದ್ದರು. ಪವಿತ್ರಳ ಮಿಷಿನ್ ಆನ್ ಆಗಿಯೇ ಇತ್ತು, ಫ್ಯಾನ್ ಗುಂಯ್ ಎನ್ನುತ್ತಿತ್ತು. ಅವಳು ನಗುತ್ತಾ ಮೌಸ್ ಅಲ್ಲಾಡಿಸಿದಳು. ಪರದೆಯ ಮೇಲೆ ಬಂದದ್ದು ಮಿಷಿನ್ ಹೊಸದಾಗಿ ಶುರುವಾದಾಗ ಲಾಗಿನ್ ಕೇಳುವ ಚೌಕ, ಅದರ ಅಂಚಿನಲ್ಲಿ ಒಣಗಿದ ಕುಂಕುಮ.

“ಮುನಿಯಪ್ಪ, ಇದನ್ನ ಆಫ್ ಮಾಡಿದ್ರಾ?” ಎಂದು ಬಾಗಿಲ ಬಳಿಯಿದ್ದವರನ್ನು ಕೇಳಿದೆ.

“ಇಲ್ಲ ಮೇಡಮ್ಮೋರೆ. ಒದ್ದೆ ಬಟ್ಟೇಲಿ ಒರೆಸೋವಾಗ ಕರೆಂಟ್ ಇರಬಾರ್ದಲ್ವಾ, ಒಂದ್ ಹತ್ತು ನಿಮಿಷ ವೈರ್ ಕಿತ್ತಿದ್ದೆ. ಪೂಜೆ ಆಗ್ತಿದ್ದಂಗೇ ಆನ್ ಮಾಡಿವ್ನಿ. ಮೊದಲ್ನೇ ಆರತಿ ಈ ಮಗೂ ಮಿಷಿನ್‌ಗೇನೆ.”

ಫ್ರಿಜ್ ಆದರೆ ಕರೆಂಟ್ ಬಂದ ಮೇಲೆ ತನ್ನ ಕೆಲಸ ಮುಂದುವರಿಸುತ್ತದೆ. ಪ್ರೋಗ್ರಾಂ ಹಾಗಲ್ಲ. ಲೆಕ್ಕವನ್ನು ನಡುನಡುವೆ ಉಳಿಸಿಕೊಳ್ಳುವ ‘ಚೆಕ್‌ಪಾಯಿಂಟ್’ ಎಂಬ ಏರ್ಪಾಡು ಇರಬೇಕು. ಅದು ಮಕ್ಕಳ ಪಾಠದಲ್ಲಿ ಇನ್ನೂ ಬಂದಿರಲಿಲ್ಲ. ಎರಡು ದಿನದ ಲೆಕ್ಕ ಹೋಗಿತ್ತು, ಆಮೇಲಿನ ದಿನಗಳಲ್ಲಿ ಮಿಷಿನ್ ಸುಮ್ಮನೆ ಖಾಲಿ ಓಡಿತ್ತು.

ಪವಿತ್ರ ನನ್ನ ಸೆರಗಿನ ತುದಿ ಹಿಡಿದು ಮೆಲ್ಲಗೆ ಹೇಳಿದಳು: “ಲೆಕ್ಕ ಹೋಯ್ತು ಅಂತ ಅವರಿಗೆ ಹೇಳ್ಬೇಡಿ ಮಿಸ್.” ಮುನಿಯಪ್ಪ ಕಾಗದದ ಪೊಟ್ಟಣದಲ್ಲಿ ಅವಳಿಗೆಂದು ಎತ್ತಿಟ್ಟಿದ್ದ ಪೂಜೆಯ ಕಡಲೆಪುರಿಯನ್ನು ಅವರೆದುರೇ ತಿಂದಳು.

ವಿಭಾಗದ ಮುಖ್ಯಸ್ಥರ ಬಳಿ ಓಡಿದೆ. ನಾನು ಹೇಳಿದೊಡನೆ ಅವರು ವಿಶ್ವವಿದ್ಯಾಲಯದ ಇಬ್ಬರಿಗೆ ಫೋನ್ ಮಾಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಪೋರ್ಟಲ್ ನಮ್ ಕೈಲಿಲ್ಲ ಮೇಡಂ. ಎಷ್ಟು ಆಗತ್ತೋ ಅಷ್ಟು ಕೊಡಿಸಿ.”

ಸಂಜೆಯೊಳಗೆ ಮುಗಿಯುವಂತೆ, ಇಡೀ ವರ್ಷದ ಬದಲು ಕೆರೆಯ ಒಂದೇ ವಾರದ ಲೆಕ್ಕ ಹಾಕಿಸಿದೆವು. ಆ ವಾರದಲ್ಲಿ ಒಂದು ಮೀನೂ ಸಾಯಲಿಲ್ಲ. ಅದನ್ನೇ ಸಲ್ಲಿಸಿದಳು. ಪರೀಕ್ಷಕರು ಪ್ರಶ್ನೆಗೆ ಉತ್ತರವೇ ಇಲ್ಲವೆಂದು ಬರೆದರು. ಅವರು ಬರೆದದ್ದು ಸರಿಯೇ. ಮೈನರ್ ಹೋಯಿತು, ಅದರೊಂದಿಗೆ ಎಂ.ಎಸ್ಸಿ. ಅರ್ಜಿಯೂ.

ಉಳಿದ ತಿಂಗಳುಗಳಲ್ಲಿ ಕಿರಿಯ ವರ್ಷದ ಮಕ್ಕಳಿಂದ ಪ್ರತಿ ಪ್ರೋಗ್ರಾಂ ಓಡಿಸುವ ಮೊದಲು ಚೆಕ್‌ಪಾಯಿಂಟ್ ಬರೆಸಿದೆ. ನಾನು ಕಲಿತದ್ದರಲ್ಲಿ ಇನ್ನೊಬ್ಬರಿಗೆ ಕಲಿಸಲು ಬಂದದ್ದು ಅಷ್ಟೇ.

ನಾನು ಕೆಲಸ ಬಿಡುವ ದಿನ ಮುನಿಯಪ್ಪ ಗೇಟಿನವರೆಗೂ ಬಂದರು. “ಆ ಮೀನಿನ ಮಗು ಪಾಸಾಯ್ತಾ ಮೇಡಮ್ಮೋರೆ?”

“ಡಿಗ್ರಿ ಪಾಸಾದಳು ಮುನಿಯಪ್ಪ.”

“ಆಗ್ದೆ ಏನು? ಮೊದಲ್ನೇ ಆರತಿ ಅದಕ್ಕೇ ಅಲ್ವಾ ಎತ್ತಿದ್ದು,” ಎಂದು ಗೇಟು ತೆಗೆದರು.