ಕರೆಂಟ್ ಹೋಗಿ ಬಂದ ಮ್ಯಾಲೆ ಉಲ್ಟಾ ಓಡಿದ ಆಟದ ರೈಲು

ದೀಪ ಮಿಣುಕಿ ಕರೆಂಟ್ ಹೋತು. ಸುಗ್ರಾಳ ಮನಿ ಪಡಸಾಲಿಯೊಳಗ ಓಡಲಿಕತ್ತಿದ್ದ ಆಟದ ರೈಲು ಹಳಿ ಮ್ಯಾಲೆ ನಿಂತುಬಿಡ್ತು.

ನಿಜಾಮರ ಕಾಲದ ಶಹಾಬಾದ್ ಅದು. ನಾನೀಗ ತೊಂಬತ್ತು ದಾಟೀನಿ, ಮೊಮ್ಮಗಳು ಟೈಪ್ ಮಾಡಲಿಕತ್ತಾಳ.

ಸುಗ್ರಾ ನನ್ನ ಕ್ಲಾಸಿನಾಕಿ, ಬಾಜೂ ಮನಿ. ಅವರಪ್ಪ ಫ್ಯಾಕ್ಟರಿಯೊಳಗ ಇಂಜಿನಿಯರ್, ನಾನು ಚಾಚಾ ಅಂತಿದ್ದೆ. ಕರೆಂಟಿನ ಮ್ಯಾಲೆ ಓಡೋ ಆ ರೈಲನ್ನ ಅವಳ ಮಾಮೂ ಮುಂಬೈನಿಂದ ಈದಿಗೆ ತಂದುಕೊಟ್ಟಿದ್ರು.

ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಇಂಜಿನಿನ ಸಣ್ಣ ಲೈಟೂ ಹತ್ತಿತು... ಆದ್ರ ರೈಲು ಜಪ್ಪಯ್ಯ ಅಂದ್ರೂ ಕದಲಲಿಲ್ಲ.

ಚಾಚಾ ಬಂದು ನೋಡಿ ಸ್ವಿಚ್ ಆರಿಸಿದ್ರು. "ಮೋಟಾರ್ ಸುಟ್ಟದ. ಡಬ್ಬಿಗೆ ಹಾಕು, ಮಾಮೂಗೆ ವಾಪಸ್ ಕಳಿಸೋಣ."

ಸುಗ್ರಾಳ ಕಣ್ಣಾಗ ನೀರು.

ಸುಟ್ಟಿದ್ರ ವಾಸನಿ ಬರಬೇಕಿತ್ತಲ್ಲ, ಅನ್ನಿಸ್ತು ನನಗ. "ಚಾಚಾ, ಇನ್ನೊಂದ್ಸಲ ಹಚ್ರಿ," ಅಂದೆ.

ಹಚ್ಚಿದ್ರು. ರೈಲು ಹೊಂಟಿತು... ಉಲ್ಟಾ.

ಸುಗ್ರಾ ಹೆದರಿ ನನ್ನ ಕೈ ಹಿಡಿದಳು. ಚಾಚಾ ಆರಿಸಿ ಮತ್ತ ಹಚ್ಚಿದ್ರು. ಈಗ ನಿಂತಲ್ಲೇ ನಿಂತದ, ಲೈಟ್ ಮಾತ್ರ ಉರೀಲಿಕತ್ತದ.

ನಾನು ನೆಲದ ಮ್ಯಾಲೆ ಮಲಗಿ ಇಂಜಿನಿಗೆ ಕಿವಿ ಹಚ್ಚಿದೆ. "ಈಗ ಆರಿಸಿ ಹಚ್ರಿ."

ಒಳಗ ಟಕ್ ಅಂತು. ರೈಲು ನನ್ನ ಕಿವಿ ಸವರಿಕೊಂಡು ಮುಂದಕ್ಕ ಹೋತು.

ಮತ್ತ ಆರಿಸಿ ಹಚ್ಚಿದ್ರ, ಟಕ್... ನಿಂತಿತು. ಇನ್ನೊಂದು ಟಕ್, ಹಿಂದಕ್ಕ ಹೊಂಟಿತು.

"ಕೆಟ್ಟಿಲ್ಲರಿ ಚಾಚಾ. ಕರೆಂಟ್ ಹೋಗಿ ಬಂದಾಗೊಮ್ಮೆ ಅದು ಸರದಿ ಬದಲಸ್ತದ. ಮುಂದ, ನಿಲ್ಲೂದು, ಹಿಂದ, ಮತ್ತ ನಿಲ್ಲೂದು. ಒಳಗ ಏನೋ ತಿರುಗ್ತದ."

ಚಾಚಾ ತಾವೇ ನಾಲ್ಕೈದು ಸಲ ಆರಿಸಿ ಹಚ್ಚಿ ನೋಡಿದ್ರು. ಸುಗ್ರಾ ಆಗಲೇ ಡಬ್ಬಿ ಮಂಚದ ಕೆಳಗ ತಳ್ಳಿದ್ದಳು.

ಚಾಚಾ ಎರಡು ಮನಿ ನಡುವಿನ ಗೋಡಿ ಹತ್ರ ಹೋಗಿ ನಮ್ಮಪ್ಪನ್ನ ಕರೆದ್ರು. "ಸಾವ್ಕಾರ್ರ, ಜರಾ ಬರ್ರಿ. ನಿಮ್ಮ ಮಗಳು ಏನು ಹುಡುಕ್ಯಾಳ ನೋಡ್ರಿ."

ಏನರೆ ಮುರದೀನಂತ ತಿಳಿದು ಅಪ್ಪ ಗಾಬರಿಯಾಗಿ ಬಂದ. ಎಲ್ಲಾ ಮಾಡಿ ತೋರಿಸಿದೆ. ನೋಡಿ, ಒಂದು ಮಾತೂ ಆಡದ ಮನಿಗೆ ಹೋದ. ನನಗ ಭಾಳ ಬ್ಯಾಸರಾತು.

ಮರುದಿನ ಅಪ್ಪನ ಕಿರಾಣಿ ಅಂಗಡಿಗೆ ಬುತ್ತಿ ಒಯ್ದೆ. ಅಪ್ಪ ಗಿರಾಕಿಗಳ ಮುಂದ ತಕ್ಕಡಿ ಬಿಟ್ಟು, ಬೆಲ್ಲದ ಪೆಂಟಿಯನ್ನ ಗಲ್ಲಾದ ಮ್ಯಾಲೆ ಹಿಂದ ಮುಂದ ಜರಗಿಸಿ ತೋರಸಲಿಕತ್ತಾನ.

"ಒಂದು ಟಕ್, ಮುಂದ. ಇನ್ನೊಂದು ಟಕ್, ಹಿಂದ. ಆಮ್ಯಾಲೆ ನಿಲ್ತದ. ಇದನ್ನ ಕಂಡುಹಿಡದಾಕಿ ನಮ್ಮ ಗಂಗಾ."

ಸರದಿ ತಪ್ಪು ಹೇಳಲಿಕತ್ತಿದ್ದ. ನಾನು ತಿದ್ದಲಿಲ್ಲ.

ನಿಮ್ಮಪ್ಪನೂ ನಿಮ್ಮ ಮುಂದ ಸುಮ್ಮನಿದ್ದು, ಮಂದಿ ಮುಂದ ಹಿಂಗ ಹೇಳಿಕೊಂಡಿದ್ದು ಎಂದಾದ್ರೂ ನಿಮ್ಮ ಕಿವಿಗೆ ಬಿದ್ದದೇನು?