ಕಟ್ಟಿದ ದವಡೆ ಮತ್ತು ಬೆಣ್ಣೆಹಣ್ಣು

ಕುರುಗೋಡಿನ ಶಾಲೆ ಮುಗಿಸಿಕೊಂಡು ಸ್ಕೂಟರಿನಲ್ಲಿ ಬಳ್ಳಾರಿಗೆ ಬರುತ್ತಿದ್ದೆ. ಕೊಳಗಲ್ಲಿನ ಹತ್ತಿರ ಯಾರೋ ಸಜ್ಜೆಯ ತೆನೆಗಳನ್ನು ಡಾಂಬರು ರಸ್ತೆಯ ಅರ್ಧ ಅಗಲಕ್ಕೆ ಹರಡಿದ್ದರು. ಲಾರಿ, ಟ್ರ್ಯಾಕ್ಟರುಗಳು ಹಾಯ್ದುಹೋದರೆ ಕಾಳು ತಾನಾಗಿ ಉದುರುತ್ತದೆ. ನಮ್ಮ ಕಡೆ ಇದು ಎಲ್ಲರೂ ಮಾಡುವ ಕೆಲಸ, ಚಿಕ್ಕವನಿದ್ದಾಗ ನಾನೂ ಮಾಡಿದ್ದೇನೆ. ಎದುರಿಗೆ ಲಾರಿ ಬಂತು, ನಾನು ಅಂಚಿಗೆ ಸರಿದೆ, ಮುಂದಿನ ಗಾಲಿ ತೆನೆಯ ಮೇಲೆ ಜಾರಿತು. ಹೆಲ್ಮೆಟ್ಟು ತಲೆಯನ್ನು ಉಳಿಸಿತು. ಗದ್ದ ಮಾತ್ರ ನೇರವಾಗಿ ರಸ್ತೆಗೆ ಬಡಿಯಿತು.

ಎಡಗಡೆಯ ದವಡೆ ಎರಡು ಕಡೆ ಮುರಿದಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಮೇಲಿನ ಹಲ್ಲಿನ ಸಾಲನ್ನು ಕೆಳಗಿನ ಸಾಲಿಗೆ ತಂತಿಯಿಂದ ಬಿಗಿದು ಕಟ್ಟಿದರು. ಐದು ವಾರ ಬಾಯಿ ತೆರೆಯುವಂತಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಕನ್ನಡ ಮೇಷ್ಟ್ರು. ಮಾತಾಡುವುದು ಬಿಟ್ಟರೆ ನನಗೆ ಬರುವ ಕೆಲಸ ತಿನ್ನುವುದೊಂದೇ. ಎರಡಕ್ಕೂ ಒಂದೇ ದಿನ ಬೀಗ ಬಿತ್ತು.

ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ಹೆಂಡತಿ. ಆಕೆ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಮೇಲ್ವಿಚಾರಕಿ. ಬೆಳಿಗ್ಗೆ ಗಂಜಿ, ಬೇಳೆಕಟ್ಟು, ಹಾಲು ಎಲ್ಲವನ್ನೂ ಸೋಸಿ ಫ್ಲಾಸ್ಕುಗಳಲ್ಲಿ ತುಂಬಿಟ್ಟು ಹೋಗುತ್ತಿದ್ದಳು. ದವಡೆ ಹಲ್ಲುಗಳ ಹಿಂದೆ ಒಂದಿಷ್ಟು ಸಂದಿ ಇತ್ತು. ಅಲ್ಲಿಗೆ ಸ್ಟ್ರಾ ತೂರಿಸಿ ಹೀರಬೇಕು. ಒಂದು ಲೋಟ ಗಂಜಿಗೆ ಅರ್ಧ ಗಂಟೆ. ಅದರಲ್ಲಿ ಒಂದು ನುಚ್ಚು ಸಿಕ್ಕಿಕೊಂಡರೆ ಸ್ಟ್ರಾ ಕಟ್ಟಿಕೊಂಡು ಮತ್ತೆ ಮೊದಲಿನಿಂದ. ಪಕ್ಕದ ಬೀದಿಯಲ್ಲಿ ಸಂಜೆ ಮಿರ್ಚಿ ಕರಿಯುವ ವಾಸನೆ ಬಂದರೆ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದೆ. ಪ್ಯಾಂಟು ಸೊಂಟದಲ್ಲಿ ನಿಲ್ಲದ ಹಾಗಾಯಿತು.

ಎರಡನೆಯ ವಾರದ ತಪಾಸಣೆಯಲ್ಲಿ ತೂಕ ನೋಡಿದ ಡಾಕ್ಟರು ಹೆಂಡತಿಯ ಕಡೆ ತಿರುಗಿ, "ಇವ್ರಿಗೆ ಬೆಣ್ಣೆಹಣ್ಣು ಕೊಡ್ರಿ. ಹಾಲಾಗ ರುಬ್ಬಿ ತೆಳ್ಳಗ ಮಾಡಿ ಸೋಸಿ ಕೊಟ್ರ ಮೈಗೆ ಹತ್ತತೈತಿ" ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಬಾಯಿ ಕಟ್ಟಿದವನ ಬಗ್ಗೆ ಜನ ಹೀಗೆಯೇ ಮಾತಾಡುತ್ತಾರೆ, ಅವನಿಗೆ ಕಿವಿಯೂ ಇಲ್ಲವೇನೋ ಎಂಬಂತೆ.

ಬೆಣ್ಣೆಹಣ್ಣು ನನಗೆ ಹೊಸದಲ್ಲ. ಹಿಂದೊಮ್ಮೆ ತರಬೇತಿಗೆಂದು ಮಡಿಕೇರಿಗೆ ಹೋದಾಗ, ನಮಗೆ ಊಟ ಹಾಕುತ್ತಿದ್ದ ಹೆಂಗಸು ತಮ್ಮ ಹಿತ್ತಲಿನ ಮರದ ಹಣ್ಣನ್ನು ಹೋಳು ಮಾಡಿ, ಬೀಜ ತೆಗೆದು, ಆ ಗುಳಿಯಲ್ಲಿ ಉಪ್ಪು, ನಿಂಬೆರಸ, ಒಂದು ಚಿಟಿಕೆ ಖಾರದ ಪುಡಿ ಹಾಕಿ ಚಮಚ ಕೊಟ್ಟಿದ್ದರು. ಮಾಡಿದ್ದೆಂದರೆ ಅಷ್ಟೇ. ಸಿಪ್ಪೆಯೇ ಬಟ್ಟಲು. ಆ ಎಂಟು ದಿನ ನಾನು ಬೆಳಿಗ್ಗೆ ತಿಂಡಿಯ ಬದಲು ಅದನ್ನೇ ತಿಂದಿದ್ದೆ. ಡಾಕ್ಟರು ಹೆಸರೆತ್ತಿದಾಗ ಕಟ್ಟಿದ ಬಾಯಿಯ ಒಳಗೇ ನೀರೂರಿತು.

ಹೆಂಡತಿ ಅಂದೇ ಮಾರ್ಕೆಟ್ಟಿನಿಂದ ಎರಡು ತಂದಳು. ಕಲ್ಲಿನಂತಿದ್ದವು. ಹಣ್ಣಿನ ಅಂಗಡಿಯಾಕೆ, "ಎಲ್ಡ ದಿನಕ್ಕ ಮೆತ್ತಗಾಗ್ತಾವಮ್ಮಾ" ಎಂದಿದ್ದಳಂತೆ. ಎರಡು ದಿನವಾಯಿತು, ನಾಲ್ಕು ದಿನವಾಯಿತು, ಮೆತ್ತಗಾಗಲಿಲ್ಲ. ಈ ನಡುವೆ ನನ್ನನ್ನು ನೋಡಲು ಬಂದವರಿಗೆ ಲೆಕ್ಕವಿಲ್ಲ. ಶಾಲೆಯವರು, ಓಣಿಯವರು, ಹೆಂಡತಿಯ ಕಡೆಯವರು. ಹಣ್ಣುಗಳನ್ನು ಟೀವಿಯ ಪಕ್ಕದ ತಟ್ಟೆಯಲ್ಲಿಟ್ಟಿದ್ದೆವು. ನನ್ನೊಡನೆ ಮಾತಾಡಲು ಬರುವಂತಿಲ್ಲವಾದ್ದರಿಂದ ಬಂದವರ ಕೈಗೆ ಏನಾದರೂ ಕೆಲಸ ಬೇಕಿತ್ತು. ಪ್ರತಿಯೊಬ್ಬರೂ ಒಂದು ಹಣ್ಣನ್ನೆತ್ತಿ ಹೆಬ್ಬೆರಳಿನಿಂದ ಒತ್ತುತ್ತಿದ್ದರು. "ಇನ್ನೂ ಕಾಯಿ ಐತಲ್ರೀ." ಕೆಳಗಿಟ್ಟು ಇನ್ನೊಂದನ್ನು ಎತ್ತಿ ಒತ್ತುತ್ತಿದ್ದರು. ನಾನು ಗಂಟಲಲ್ಲೇ ಹೂಂಕರಿಸಿದರೆ ನೋವಿಗೆ ನರಳುತ್ತಿದ್ದೇನೆಂದು ತಿಳಿದು, "ಮಲಕ್ಕೋರಿ ಸರ್, ಮಲಕ್ಕೋರಿ" ಎನ್ನುತ್ತಿದ್ದರು.

ನನ್ನ ಮಾತೆಲ್ಲ ಆಗ ಒಂದು ನೋಟ್‌ಬುಕ್ಕಿನಲ್ಲಿತ್ತು. ಅದರಿಂದ ಒಂದು ಹಾಳೆ ಹರಿದು, "ದಯವಿಟ್ಟು ಹಣ್ಣನ್ನು ಒತ್ತಬೇಡಿ" ಎಂದು ದುಂಡಗೆ ಬರೆದು ತಟ್ಟೆಗೆ ಆನಿಸಿಟ್ಟೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ, ನಕ್ಕು, ಹಣ್ಣನ್ನೆತ್ತಿ ಒತ್ತಿದರು.

ಆರನೆಯ ದಿನ ಹೆಂಡತಿ ಕೊಯ್ದಳು. ಹೆಬ್ಬೆರಳು ಬಿದ್ದಲ್ಲೆಲ್ಲ ಕಪ್ಪು. ಒಂದು ಹಣ್ಣು ಪೂರ್ತಿ ಹೋಗಿತ್ತು, ಒಳಗೆ ಕಂದು ನಾರು ಎದ್ದಿತ್ತು. ಇನ್ನೊಂದರಲ್ಲಿ ಒಳ್ಳೆಯ ಭಾಗ ಅರ್ಧದಷ್ಟಿತ್ತು. ಅದನ್ನು ಹಾಲಿನಲ್ಲಿ ರುಬ್ಬಿ, ನಾಲ್ಕು ಚಮಚ ಸಕ್ಕರೆ ಹಾಕಿ, ಸೋಸಿ ತಂದುಕೊಟ್ಟಳು. ಎಳೆಹಸಿರು ಬಣ್ಣದ, ಗಟ್ಟಿ, ತಣ್ಣನೆಯ ಹಾಲು. ಎರಡು ವಾರದ ಮೇಲೆ ಮೊದಲ ಸಲ ಹೊಟ್ಟೆ ತುಂಬಿದ ಹಾಗಾಯಿತು. ಆದರೆ ಸಿಹಿ ನನಗೆ ಆಗಿಬರುವುದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದೆ: "ಉಪ್ಪು, ನಿಂಬೆ."

"ಗಂಜಿಗೆ ಉಪ್ಪು ಕಡಿಮಿ ಆಗಿತ್ತೇನ್ರಿ?"

ಇಲ್ಲವೆಂದು ತಲೆಯಾಡಿಸಿ ಹಣ್ಣಿನ ಸಿಪ್ಪೆ ತೋರಿಸಿದೆ. "ಇದಕ್ಕೆ" ಎಂದು ಬರೆದೆ.

"ಹಾಲಿಗೆ ನಿಂಬಿಹಣ್ಣು ಹಿಂಡಿದ್ರ ಒಡಿಯಂಗಿಲ್ಲೇನು? ತಂತಿ ಕಟ್ಟಿದ್ದು ದೌಡಿಗೋ ತಲಿಗೋ?" ಎಂದು ಆಕೆ ನಕ್ಕಳು. ಪಾಪ, ಇಡೀ ದಿನ ದುಡಿದು ಬಂದವಳು. ಆದರೂ ಆ ನಗು ನನ್ನನ್ನು ಎಷ್ಟು ಉರಿಸಿತೆಂದರೆ ನೋಟ್‌ಬುಕ್ಕನ್ನು ಗೋಡೆಗೆ ಎಸೆದೆ. ಆಕೆ ಅದನ್ನು ಎತ್ತಿ, ಹಾಳೆ ಸರಿಮಾಡಿ, ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದಳು. ಕ್ಷಮಿಸು ಎಂದು ಬರೆಯಲು ಪೆನ್ನು ಎಲ್ಲಿ ಬಿದ್ದಿತೋ ಸಿಗಲಿಲ್ಲ.

ಐದು ವಾರಕ್ಕೆ ತಂತಿ ಬಿಚ್ಚಿದರು. ಈಗ ಬಾಯಿ ತೆರೆಯುತ್ತದೆ, ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ತೆರೆದದ್ದು ಒಂದು ಬೆರಳು ಅಗಲ. ಡಾಕ್ಟರು ಐಸ್‌ಕ್ರೀಮಿನ ಕಡ್ಡಿಗಳ ಒಂದು ಕಟ್ಟು ಕೊಟ್ಟು, ಹಲ್ಲುಗಳ ನಡುವೆ ದಿನಕ್ಕೊಂದು ಕಡ್ಡಿ ಹೆಚ್ಚಿಸುತ್ತ ಹೋಗಬೇಕೆಂದರು. ಇನ್ನೊಂದು ತಿಂಗಳು ಅಗಿಯುವಂತಿಲ್ಲ. ನಾಲಿಗೆಯೋ, ಮರೆತುಬಿಟ್ಟಿತ್ತು. ಮನೆಗೆ ಬಂದು ಹೆಂಡತಿಯನ್ನು ಕರೆದರೆ ನನ್ನ ದನಿ ಯಾರೋ ಕುಡಿದವರ ದನಿಯಂತಿತ್ತು. ಅದನ್ನು ಕೇಳಿ ಹೆದರಿ ಮತ್ತೆ ನೋಟ್‌ಬುಕ್ಕಿಗೇ ಅಂಟಿಕೊಂಡೆ.

ಅದೇ ಹೊತ್ತಿಗೆ ಹೆಂಡತಿಗೆ ಘಟಕದಲ್ಲಿ ಕೆಲಸ ಏರಿತು. ಸಿರುಗುಪ್ಪದಲ್ಲಿರುವ ನನ್ನ ಅಕ್ಕ ಫೋನು ಮಾಡಿ, "ಅವ್ನ ಇಲ್ಲಿಗೆ ಕಳಿಸು, ನಾನು ನೋಡ್ಕೊಂತೀನಿ" ಎಂದಳು. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವನಿಗೆ ಹೊಲದ ಕೆಲಸವಿದ್ದುದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವಳ ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು.

ಹೊರಡುವ ಮುಂಚೆ ನಾನೇ ಮಾರ್ಕೆಟ್ಟಿಗೆ ಹೋದೆ. ಅಂಗಡಿಯಾಕೆಗೆ ಬೆರಳು ತೋರಿಸಿ ನಾಲ್ಕು ಹಣ್ಣು ಆರಿಸಿದೆ. ತೊಟ್ಟಿನ ಹತ್ತಿರ ತುಸು ಬಿಟ್ಟುಕೊಡುವಂಥವು. "ಸೀಜನ್ ಮುಗೀತು ಸಾರು, ಇವೇ ಲಾಸ್ಟು" ಎಂದಳು. ಅವನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಪಕ್ಕದವನ ಮೊಣಕೈ ತಾಗದಂತೆ ಸಿರುಗುಪ್ಪದವರೆಗೂ ಕಾಯ್ದುಕೊಂಡು ಹೋದೆ. ರಸ್ತೆಯ ಎರಡು ಕಡೆಯೂ ಭತ್ತ ಹಾಲುಗಾಳು ಕಟ್ಟಿ ನಿಂತಿತ್ತು. ನನ್ನ ಗಮನವೆಲ್ಲ ಚೀಲದ ಮೇಲೆಯೇ.

ಮರುದಿನಕ್ಕೆ ಹಣ್ಣುಗಳು ಹದಕ್ಕೆ ಬಂದವು. ಈ ಹಣ್ಣಿನ ಹದ ಒಂದು ದಿನದ್ದು, ಹೆಚ್ಚೆಂದರೆ ಒಂದೂವರೆ. ಮಧ್ಯಾಹ್ನ ಮಾಡಿಕೊಳ್ಳೋಣವೆಂದು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅಕ್ಕ ತಟ್ಟೆ ಹಾಕಿ ಕರೆದಳು. ಮೆತ್ತಗೆ ಕಿವುಚಿದ ಅನ್ನ, ಅದರ ಮೇಲೆ ಹಸಿರುಗಪ್ಪು ಬಣ್ಣದ ಏನೋ ಒಂದು ಬೇಳೆಯ ಪಪ್ಪು.

"ನಿನ್ನ ಹಣ್ಣ ಹಾಕಿ ಮಾಡೀನಿ ನೋಡು. ಮೂರು ಹಣ್ಣ ಹಾಕೀನಿ. ತೊಗರಿಬ್ಯಾಳಿ ಕೂಡ ಚೊಲೋತ್ನಾಗ ಕುದಿಸೀನಿ, ಒಂದು ಗಂಟಿಲ್ಲ."

ಒಂದು ಚಮಚ ಬಾಯಿಗಿಟ್ಟೆ. ಕಹಿ. ಹಾಗಲಕಾಯಿಯ ಕಹಿಗೆ ಒಂದು ಮರ್ಯಾದೆ ಇದೆ, ಇದಕ್ಕೆ ಅದೂ ಇಲ್ಲ. ಈ ಹಣ್ಣನ್ನು ತುಂಬ ಹೊತ್ತು ಕುದಿಸಿದರೆ ಹಾಗೇ ಆಗುತ್ತದೆ. ನನಗದು ಗೊತ್ತಿತ್ತು, ಅವಳಿಗೆ ಹೇಗೆ ಗೊತ್ತಿರಬೇಕು? ನಾನೇನು ಹೇಳಿದ್ದೆನೇ? ಆದರೆ ಆ ಕ್ಷಣ ಅದೊಂದೂ ತೋಚಲಿಲ್ಲ. ಐದು ವಾರದ ಗಂಜಿ, ಸ್ಟ್ರಾ, ಒತ್ತಿದ ಹೆಬ್ಬೆರಳುಗಳು, ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದವು.

"ನಿನಗ ಕುದ್ಸು ಅಂತ ಯಾರು ಹೇಳಿದ್ರು? ಹಾಳು ಮಾಡಿಟ್ಟಿ! ಏನೂ ಗೊತ್ತಿಲ್ಲಂದ್ರ ಸುಮ್ನಿರಾಕ ಬರಂಗಿಲ್ಲೇನು?"

ತೊದಲದೆ, ಸ್ಪಷ್ಟವಾಗಿ, ಇಡೀ ವಾಕ್ಯ. ಅಪಘಾತವಾದ ಮೇಲೆ ನನ್ನ ಬಾಯಿಂದ ಬಂದ ಮೊದಲ ಪೂರ್ತಿ ಮಾತು. ದವಡೆಯ ಸಂದಿಯಲ್ಲಿ ಸೂಜಿ ಚುಚ್ಚಿದಂತಾಗಿ ಕೈಯಿಂದ ಕೆನ್ನೆ ಹಿಡಿದುಕೊಂಡೆ.

ಅಕ್ಕ ಸೌಟು ಕೆಳಗಿಟ್ಟಳು. "ಒಂದೂವರಿ ತಿಂಗಳ ಹಿಂದ ನಿನ್ನ ದನಿ ಕೇಳಿದ್ದು. ಇವತ್ತು ಬಂತು ನೋಡು ಮಾತು" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳಲಿಲ್ಲ; ನೀರು ಹಾಗೇ ಇಳಿಯಿತು. ತಟ್ಟೆ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಯ ಮುಂದೆ ಸುರಿದಳು. ಎಮ್ಮೆ ಮೂಸಿ ಮುಖ ತಿರುಗಿಸಿತು. ಅದನ್ನು ನೋಡಿ ಅವಳಿಗೆ ಇನ್ನೂ ಅವಮಾನವಾಯಿತೇನೋ, ಸಂಜೆಯವರೆಗೆ ನನ್ನ ಕಡೆ ಬರಲಿಲ್ಲ.

ಸಂಜೆ ಉಳಿದ ಒಂದು ಹಣ್ಣನ್ನೂ ಚಾಕುವನ್ನೂ ತಂದು ನನ್ನ ಮುಂದಿಟ್ಟಳು. "ನೀನ ಮಾಡ್ಕೋ. ನಾ ಮುಟ್ಟಂಗಿಲ್ಲ."

ಅಡುಗೆಮನೆಯಲ್ಲಿ ಅವಳೆದುರೇ ಕೂತು ಮಾಡಿದೆ. ಹಣ್ಣಿನ ಸುತ್ತ ಚಾಕು ಆಡಿಸಿ, ಎರಡು ಹೋಳನ್ನೂ ತಿರುಚಿದರೆ ತಾನಾಗಿ ಬಿಟ್ಟುಕೊಂಡಿತು. ಒಳಗೆ ಒಂದೂ ಕಪ್ಪಿಲ್ಲ; ಅಂಚಿನಲ್ಲಿ ಹಸಿರು, ನಡುವೆ ತುಪ್ಪದ ಹಳದಿ. ಚಮಚದಿಂದ ತೋಡಿ ಬಟ್ಟಲಿಗೆ ಹಾಕಿ ಕಿವುಚಿದೆ. ಉಪ್ಪು, ಅರ್ಧ ನಿಂಬೆಹಣ್ಣು. ಹಸಿಮೆಣಸಿನಕಾಯಿ ಜಜ್ಜಿ ರಸ ಮಾತ್ರ ಹಿಂಡಿದೆ, ಚೂರು ಅಗಿಯಲಾಗದಲ್ಲ. ಬೆರಳಗಲದ ಬಾಯಿಗೆ ಚಿಕ್ಕ ಚಮಚವನ್ನು ಅಡ್ಡ ಹಿಡಿದು ತೂರಿಸಿದೆ. ಹಲ್ಲಿಗೆ ಕೆಲಸವೇ ಇಲ್ಲ. ನಾಲಿಗೆ ಮೇಲೆತ್ತಿ ಅಂಗುಳಿಗೆ ಒತ್ತಿದರೆ ಕರಗಿ ಹರಡುತ್ತದೆ. ಮೊದಲು ಹುಳಿ, ಆಮೇಲೆ ಉಪ್ಪು, ಕೊನೆಗೆ ಮೆಣಸಿನಕಾಯಿಯ ಚುರುಕು. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಅಕ್ಕನಿಗೆ ಕೈಸನ್ನೆ ಮಾಡಿದೆ.

ಅವಳೂ ಬೆರಳಲ್ಲಿ ಒಂದಿಷ್ಟು ತೆಗೆದು ನೆಕ್ಕಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಸಾಬೂನು ಇದ್ದಂಗ ಐತಿ" ಎಂದಳು. "ಇದಕ್ಕೇನು ಅಷ್ಟು ಬೈದ್ಯೋ ನನಗ?"

ಮತ್ತೆ ಸಿಟ್ಟು ಬಂತು. ಈ ಸಲ ನುಂಗಿದೆ. ಅವಳು ಎದ್ದು, ಬಟ್ಟಲಿನಲ್ಲಿ ಉಳಿದದ್ದಕ್ಕೆ ಎರಡು ಸೌಟು ಗಟ್ಟಿ ಮೊಸರು ಹಾಕಿದಳು. ಬೇಡವೆನ್ನುವಷ್ಟರಲ್ಲಿ ಒಲೆಯ ಮೇಲೆ ಎಣ್ಣೆ ಕಾದಿತ್ತು. ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಒಂದು ಬ್ಯಾಡಗಿ ಮೆಣಸಿನಕಾಯಿ. ಚೊಯ್ಯೆಂದು ಸುರಿದು, ನನಗಾಗಿ ಎಲೆ, ಚೂರುಗಳನ್ನೆಲ್ಲ ಆರಿಸಿ ತೆಗೆದು ಮುಂದಿಟ್ಟಳು. ತಿಂದೆ. ನಾನು ಮಾಡಿಕೊಂಡದ್ದಕ್ಕಿಂತ ಅದು ಚೆನ್ನಾಗಿತ್ತು. ಹೇಳಲು ಮನಸ್ಸು ಬರಲಿಲ್ಲ, ಆದರೂ ಹೇಳಿದೆ.

"ಮತ್ತ?" ಎಂದಳು ಅಷ್ಟೇ.

ಅಂದು ತಪ್ಪಾಯಿತು ಎಂದು ನಾನು ಅಕ್ಕನಿಗೆ ಹೇಳಬೇಕಿತ್ತು. ಇನ್ನೆರಡು ಹಣ್ಣು ಇದ್ದಿದ್ದರೆ ಎಂದು ಯೋಚಿಸುತ್ತ ಮಲಗಿಬಿಟ್ಟೆ. ವಾರ ಮುಗಿಸಿ ಬಳ್ಳಾರಿಗೆ ವಾಪಸಾದ ಮೇಲೆ ಫೋನಿನಲ್ಲಿ ಹೇಳಿದೆ. "ಯಾವಾಗ ಬೈದಿದ್ದಿ? ನನಗ ನೆನಪಿಲ್ಲ" ಎಂದು ಸುಳ್ಳು ಹೇಳಿದಳು. ಹೆಂಡತಿಗೂ ಹೇಳಿದೆ, ನೋಟ್‌ಬುಕ್ಕು ಎಸೆದದ್ದಕ್ಕೆ. ಆಕೆ ಮಾತ್ರ ನೆನಪಿಲ್ಲವೆನ್ನಲಿಲ್ಲ. "ಗೋಡಿಗೆ ಇಂಕ್ ಹತ್ತೈತಿ, ನೀವ ಬಣ್ಣ ಹಚ್ರಿ" ಎಂದಳು. ಹಚ್ಚಿದೆ.

ಮಾರ್ಕೆಟ್ಟಿನಲ್ಲಿ ಹಣ್ಣು ನಿಂತುಹೋಗಿತ್ತು. ಆ ತಿಂಗಳೆಲ್ಲ ಮತ್ತೆ ಗಂಜಿ, ಮತ್ತೆ ಕಡ್ಡಿಗಳು. ಕಡ್ಡಿಗಳನ್ನು ಹಲ್ಲಿಗೆ ಸಿಕ್ಕಿಸಿಕೊಂಡು ಕನ್ನಡಿಯ ಮುಂದೆ ನಿಂತು ಎಷ್ಟು ಬೆವರು ಸುರಿಸಿದೆನೋ. ಎರಡು ಬೆರಳು ಅಗಲಕ್ಕೆ ಬಂದು ಬಾಯಿ ನಿಂತಿತು. ಕಡೆಯ ತಪಾಸಣೆಯಲ್ಲಿ ಡಾಕ್ಟರು, "ಇಷ್ಟ ಇನ್ನ ಮ್ಯಾಲ" ಎಂದರು. ಈ ಸಲ ನನಗೇ ಹೇಳಿದರು, ಹೆಂಡತಿಗಲ್ಲ.

ಶಾಲೆಗೆ ಹೋಗುತ್ತಿದ್ದೇನೆ, ಈಗ ಬಸ್ಸಿನಲ್ಲಿ. ಪಾಠದ ಅರ್ಧಕ್ಕೇ ದವಡೆ ಸೋಲುತ್ತದೆ. ಹಳಗನ್ನಡದ ಪದ್ಯವನ್ನು ಮೊದಲಿನ ಹಾಗೆ ಬಾಯಿತುಂಬ ಓದಲಾಗುವುದಿಲ್ಲ. ಮಹಾಪ್ರಾಣಗಳಿಗೆ ಉಸಿರು ಸಾಲದು. ಮಕ್ಕಳು ಸುಮ್ಮನೆ ಕಾಯುತ್ತಾರೆ. ಅವರು ಗದ್ದಲ ಮಾಡಿದರೇ ಒಳ್ಳೆಯದು ಎನ್ನಿಸುತ್ತದೆ.

ಈ ವರ್ಷ ಮುಂಗಾರಿನ ಹೊತ್ತಿಗೆ ಹಣ್ಣು ಮತ್ತೆ ಬಂತು. ಹದವಾದದ್ದು ಸಿಕ್ಕ ದಿನ ಕಿವುಚಿ, ಮೊಸರು ಬೆರೆಸಿ, ಅಕ್ಕ ಹಾಕಿದಂತೆ ಒಗ್ಗರಣೆ ಹಾಕಿಕೊಂಡು ಡಬ್ಬಿಯಲ್ಲಿ ಕುರುಗೋಡಿಗೆ ಒಯ್ಯುತ್ತೇನೆ. ಹಾಲಿನಲ್ಲಿ ನೆನೆಸಿದ ರೊಟ್ಟಿಗೆ ಹಚ್ಚಿಕೊಂಡರೆ ನುಂಗಲು ಸುಲಭ. ಎಷ್ಟು ನಿಂಬೆ ಹಿಂಡಿದರೂ ಊಟದ ಗಂಟೆ ಹೊಡೆಯುವಷ್ಟರಲ್ಲಿ ಆ ಬಿಸಿಲಿಗೆ ಮೇಲಿನ ಪದರ ಕಂದಾಗಿರುತ್ತದೆ. ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದರೆ ಯಾರಾದರೊಬ್ಬರು ಇಣುಕಿ, "ಕೆಟ್ಟೈತಿ ಅನಸ್ತದ ಸರ್, ಒಗೀರಿ" ಎನ್ನುತ್ತಾರೆ. ಕೆಟ್ಟಿಲ್ಲ, ಗಾಳಿ ತಾಗಿದ್ದಷ್ಟೇ ಎಂದು ವಿವರಿಸಲು ಹೊರಟರೆ ದವಡೆ ನೋಯುತ್ತದೆ. ಮೇಲಿನ ಕಂದು ಪದರವನ್ನು ಚಮಚದಿಂದ ಪಕ್ಕಕ್ಕೆ ಸರಿಸಿ, ಅವರ ಕಡೆ ನೋಡದೆ ತಿನ್ನುತ್ತೇನೆ.